ಕಮರಗುಂಜದ ಡಗ್ಲಸ್ ನಿಕೋಲ್ಸ್

ಆಸ್ಟ್ರೇಲಿಯ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕ್ರಿಕೆಟ್ ಆಟ, ಬ್ರ್ಯಾಡ್ಮನ್ನನ ಹೆಸರು, ಅದರಾಚೆಗೆ ಕಾಂಗರೂ, ಭೂಗೋಳದ ಪಾಠವನ್ನು ಮನಸ್ಸಿಟ್ಟು ಕೇಳಿದವರಿಗೆ ಕುರಿಯ ಉಣ್ಣೆ. ಆ ದೇಶದ ವಿಕ್ಟೋರಿಯ ಪ್ರಾಂತದಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಜನರು ಕ್ರಿಕೆಟ್ಟನ್ನು ಕಟ್ಟಿ ಅಟ್ಟಕ್ಕೆ ಹಾಕಿಬಿಡುತ್ತಾರೆಂಬುದು ನಮಗೆ ಅಷ್ಟಾಗಿ ತಿಳಿಯದ ಸಂಗತಿ. ಅದೇ ಕ್ರಿಕೆಟ್ ಬಯಲಿನಲ್ಲಿ ಅವರು ಆಡುವ ಇನ್ನೊಂದು ಆಟವುಂಟು. ಹೊರಗಿನವರು ಅದನ್ನು ಆಸ್ಟ್ರೇಲಿಯದ ನಿಯಮಗಳ ಫುಟ್‌ಬಾಲ್ ಎನ್ನುತ್ತಾರೆ. ಅಲ್ಲಿಯವರಿಗೆ ಅದು ಬರಿಯ ಫುಟ್‌ಬಾಲ್. ಆ ಆಟದಿಂದ ಹೆಸರು ಗಳಿಸಿ, ಆ ಹೆಸರನ್ನೇ ಬಂಡವಾಳ ಮಾಡಿಕೊಂಡು ತನ್ನ ಜನರಿಗಾಗಿ ಬಾಳನ್ನು ಸವೆಸಿ, ಕಡೆಗೆ ಒಂದು ಪ್ರಾಂತದ ಗವರ್ನರ್ ಪದವಿಯವರೆಗೆ ನಡೆದುಹೋದ ಡಗ್ಲಸ್ ನಿಕೋಲ್ಸನ ಕಥೆಯಿದು. ಅವನು ಬಿಳಿಯನಲ್ಲ, ಬಿಳಿಯರು ಬರುವುದಕ್ಕಿಂತ ಸಾವಿರಾರು ವರ್ಷ ಮೊದಲೇ ಆ ನೆಲದಲ್ಲಿದ್ದ ಮೂಲನಿವಾಸಿಗಳಲ್ಲಿ ಒಬ್ಬ. ಕಥೆಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಮೊದಲು ಆಟದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಇದು ಮೆಲ್ಬೋರ್ನ್ ನಗರದಲ್ಲಿ ಹುಟ್ಟಿದ ಆಟ; ಇದರ ಮೊದಲ ನಿಯಮಗಳನ್ನು ಬರೆದದ್ದು ೧೮೫೯ರಲ್ಲಿ. ಬಯಲು ಮೊಟ್ಟೆಯಾಕಾರದ್ದು, ಚೆಂಡೂ ಮೊಟ್ಟೆಯಾಕಾರದ್ದು. ಒಂದೊಂದು ಕಡೆಗೆ ೧೮ ಜನ ಆಟಗಾರರು. ಚೆಂಡನ್ನು ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ದಾಟಿಸಬಹುದು, ಎಸೆಯುವಂತಿಲ್ಲ. ಹಿಡಿದುಕೊಂಡು ಓಡುವವನು ಆಗಾಗ ಅದನ್ನು ನೆಲಕ್ಕೆ ಬಡಿದು ಮತ್ತೆ ಹಿಡಿಯಬೇಕು. ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಯಾವ ಕಡೆಗೆ ನೆಗೆಯುವುದೋ ದೇವರೇ ಬಲ್ಲ. ಪೂರ್ಣ ವೇಗದಲ್ಲಿ ಓಡುತ್ತಲೇ ಅದನ್ನು ಬಡಿದು ಹಿಡಿಯುವವನ ಕೈಚಳಕ ಎಂಥದೆಂದು ಊಹಿಸಿಕೊಳ್ಳಬಹುದು. ಎರಡು ತುದಿಗಳಲ್ಲೂ ನಾಲ್ಕು ನಾಲ್ಕು ಕಂಬಗಳಿವೆ. ಒದ್ದ ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ಹಾದರೆ ಗೋಲು, ೬ ಅಂಕ. ಪಕ್ಕದ ಸಂದಿನಲ್ಲಿ ಹಾದರೆ ೧ ಅಂಕ. ಗುರಿ ತಪ್ಪಿದವನಿಗೂ ಒಂದು ಅಂಕ ಕೊಡುವ ಈ ಔದಾರ್ಯ ನಮ್ಮ ಪರೀಕ್ಷಕರಿಗೆ ಬಂದಿದ್ದರೆ ಚೆನ್ನಾಗಿತ್ತು! ದೂರದಿಂದ ಬಂದ ಒದೆಯನ್ನು ಆಕಾಶಕ್ಕೆ ನೆಗೆದು ಕೈಯಲ್ಲಿ ಹಿಡಿದರೆ ಹಿಡಿದವನಿಗೆ ತಡೆಯಿಲ್ಲದೆ ಒದೆಯುವ ಹಕ್ಕು. ಆದ್ದರಿಂದ ಎತ್ತರದ ಆಳುಗಳಿಗೆ ಆ ಆಟದಲ್ಲಿ ಬಲು ಬೆಲೆ. ಈಗ ಹೇಳಬೇಕಾದ ಮಾತೆಂದರೆ, ನಿಕೋಲ್ಸನ ಎತ್ತರ ೫ ಅಡಿ ೨ ಅಂಗುಲ.

ಅವನು ಹುಟ್ಟಿದ್ದು ೧೯೦೬ನೆಯ ಇಸವಿ ಡಿಸೆಂಬರ್ ೯ರಂದು, ಕಮರಗುಂಜ ಎಂಬ ನೆಲೆಯಲ್ಲಿ. ಮರ್ರೆ ನದಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯ ಪ್ರಾಂತಗಳ ಗಡಿಯಾಗಿ ಹರಿಯುತ್ತದೆ. ಅದರ ಉತ್ತರ ದಡದಲ್ಲಿ, ನ್ಯೂ ಸೌತ್ ವೇಲ್ಸಿನ ಕಡೆಗೆ, ಯೋರ್ಟಾ ಯೋರ್ಟಾ ಜನರನ್ನು ಸೇರಿಸಿ ೧೮೮೮ರಲ್ಲಿ ಮಾಡಿದ ನೆಲೆ ಅದು. ಅಲ್ಲಿಯ ಜನ ಕಾಡು ಕಡಿದು, ಹೊಲ ಮಾಡಿ, ಗೋಧಿ ಬೆಳೆದು ತಮ್ಮ ಕಾಲ ಮೇಲೆ ತಾವು ನಿಲ್ಲುತ್ತಿದ್ದ ಹೊತ್ತಿಗೆ, ಅವರಿಗೆ ಹಂಚಿಕೊಟ್ಟಿದ್ದ ಹೊಲದ ತುಂಡುಗಳನ್ನು ಸರ್ಕಾರದ ಮಂಡಲಿ ಹಿಂದಕ್ಕೆ ಕಿತ್ತುಕೊಂಡಿತು. ಮುಂದೆ ಮಂಡಲಿಯ ವ್ಯವಸ್ಥಾಪಕ ಅಳೆದುಕೊಟ್ಟ ಪಡಿಯೇ ಗತಿ. ಹೊರಗೆ ಹೋಗಬೇಕಾದರೆ ಅವನ ಅಪ್ಪಣೆ, ಒಳಗೆ ಬರಬೇಕಾದರೆ ಅವನ ಅಪ್ಪಣೆ. ಹರ್ಬರ್ಟ್ ಮತ್ತು ಫ್ಲಾರೆನ್ಸ್ ದಂಪತಿಗಳ ಐದು ಮಕ್ಕಳಲ್ಲಿ ಡಗ್ಲಸನೇ ಕಡೆಯವನು.

ಇಲ್ಲಿ ನಮಗೆ ಹತ್ತಿರವಾದ ಒಂದು ಸಂಗತಿಯನ್ನು ಬಿಡಲಾರೆ. ಕಮರಗುಂಜದ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನು ಥಾಮಸ್ ಷಾಡ್ರಾಕ್ ಜೇಮ್ಸ್. ಅವನು ಮಾರಿಷಸ್ ದ್ವೀಪದಲ್ಲಿ ಹುಟ್ಟಿದ, ತಮಿಳು ಮೂಲದ ಭಾರತೀಯ. ಆಸ್ಟ್ರೇಲಿಯಕ್ಕೆ ಬಂದು ಈ ಜನರ ನಡುವೆ ನೆಲೆಸಿ, ಅವರ ಹೆಣ್ಣನ್ನೇ ಮದುವೆಯಾಗಿ, ಅವರ ಮಕ್ಕಳಿಗೆ ಅಕ್ಷರ ಕಲಿಸಿದ. ಮನವಿ ಬರೆಯುವುದು ಹೇಗೆ, ಸಭೆಯಲ್ಲಿ ನಿಂತು ಮಾತನಾಡುವುದು ಹೇಗೆ ಎಂಬುದನ್ನೂ ಅವನ ಶಾಲೆಯಲ್ಲಿ ಕಲಿಯಬಹುದಾಗಿತ್ತು. ಮುಂದೆ ಮೂಲನಿವಾಸಿಗಳ ಹಕ್ಕಿಗಾಗಿ ಹೋರಾಡಿದ ಮುಂದಾಳುಗಳಲ್ಲಿ ಎಷ್ಟೋ ಮಂದಿ ಆ ಒಂದು ಹಳ್ಳಿಯ ಶಾಲೆಯಿಂದ ಬಂದವರೆಂದರೆ ಆ ಮೇಷ್ಟರ ಕೈಗುಣ ತಿಳಿಯುತ್ತದೆ. ಡಗ್ಲಸನೂ ಅಲ್ಲಿಯ ವಿದ್ಯಾರ್ಥಿಯೇ. ನಮ್ಮ ದೇಶದಿಂದ ಕಡಲು ದಾಟಿ ಹೋದವರಲ್ಲಿ ವ್ಯಾಪಾರ ಮಾಡಿ ಸಿರಿವಂತರಾದವರ ಹೆಸರನ್ನು ನಾವು ಹೇಳಿಕೊಳ್ಳುತ್ತೇವೆ; ಇಂಥ ಮೇಷ್ಟರ ಹೆಸರನ್ನೂ ಹೇಳಿಕೊಳ್ಳಬಹುದು.

ಡಗ್ಲಸನಿಗೆ ಎಂಟು ವರ್ಷವಾಗಿದ್ದಾಗ ಒಂದು ದಿನ ಪೊಲೀಸರು ಕಮರಗುಂಜಕ್ಕೆ ಬಂದರು. ಕಳ್ಳರನ್ನು ಹಿಡಿಯಲು ಬಂದವರಲ್ಲ. ಮಕ್ಕಳನ್ನು ಕೊಂಡೊಯ್ಯಲು ಬಂದವರು. ಮೂಲನಿವಾಸಿಗಳ ಮಕ್ಕಳನ್ನು ತಾಯಿತಂದೆಯರಿಂದ ಬೇರ್ಪಡಿಸಿ ಸರ್ಕಾರದ ಮನೆಗಳಲ್ಲಿಟ್ಟು, ಬಿಳಿಯರ ಮನೆಗೆಲಸಕ್ಕೆ ತಯಾರು ಮಾಡುವುದು ಆಗಿನ ಕಾನೂನಿಗೆ ಒಪ್ಪಿದ ಕೆಲಸವಾಗಿತ್ತು. ಡಗ್ಲಸನ ಅಕ್ಕ ಹದಿನಾರು ವರ್ಷದ ಹಿಲ್ಡಾಳನ್ನು ಅಂದು ಬಲವಂತವಾಗಿ ಕರೆದೊಯ್ದು ಕೂಟಮಂಡ್ರದ ಬಾಲಿಕಾಗೃಹಕ್ಕೆ ಸೇರಿಸಿದರು. ಎಂಟು ವರ್ಷದ ಹುಡುಗ ಅದನ್ನು ಕಣ್ಣಾರೆ ಕಂಡ. ಅವನ ಮುಂದಿನ ಬಾಳಿನಲ್ಲಿ ಸಿಟ್ಟಿನ ಮಾತು ಬಲು ಕಡಿಮೆ. ಆದರೆ ಮನೆ ಕಳೆದುಕೊಂಡ ಹೆಣ್ಣುಮಕ್ಕಳಿಗೆ ಒಂದು ನೆಲೆ ಮಾಡಿಕೊಡಬೇಕೆಂಬ ಹಟವನ್ನು ಅವನು ಎಂದೂ ಬಿಡದಿದ್ದುದಕ್ಕೆ ಬೇರು ಅಂದಿನ ದಿನದಲ್ಲೇ ಇರಬೇಕೆಂದು ನನಗೆ ತೋರುತ್ತದೆ.

ಓದು ಹೆಚ್ಚು ಮುಂದುವರಿಯಲಿಲ್ಲ. ಹದಿಮೂರು ಹದಿನಾಲ್ಕರ ಪ್ರಾಯಕ್ಕೆ ಕೂಲಿಗೆ ಹೊರಟ. ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಗಳಲ್ಲಿ ಡಾಂಬರಿನ ಡಬ್ಬಿ ಹಿಡಿದು ನಿಲ್ಲುವ ಹುಡುಗನಾದ. ಕತ್ತರಿ ತಾಗಿ ಕುರಿಗೆ ಗಾಯವಾದರೆ ಓಡಿ ಹೋಗಿ ಡಾಂಬರು ಬಳಿಯಬೇಕು. ಅದೇ ಅವನ ಉದ್ಯೋಗ. ನದಿಯ ಒಡ್ಡು ಕಟ್ಟುವಲ್ಲಿ ಮಣ್ಣು ಹೊತ್ತ. ಬಿಡುವು ಸಿಕ್ಕಾಗ ಫುಟ್‌ಬಾಲ್ ಆಡಿದ. ಹತ್ತಿರದ ಟೊಂಗಾಲ ಎಂಬ ಊರಿನ ತಂಡಕ್ಕೆ ಆಡುತ್ತಿದ್ದಾಗ ಅವನ ಓಟದ ಸುದ್ದಿ ಮೆಲ್ಬೋರ್ನಿನವರೆಗೂ ಮುಟ್ಟಿತು.

ಮೆಲ್ಬೋರ್ನಿನಲ್ಲಿ ಆಗ ಎರಡು ದೊಡ್ಡ ಸಂಘಟನೆಗಳು. ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಮೇಲಿನದು. ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್ ಅದಕ್ಕೆ ಒಂದು ಮೆಟ್ಟಿಲು ಕೆಳಗಿನದು. ನಿಕೋಲ್ಸನು ಲೀಗಿಗೆ ಸೇರಿದ ಕಾರ್ಲ್‌ಟನ್ ಕ್ಲಬ್ಬಿನ ಬಾಗಿಲು ತಟ್ಟಿದ. ಅಭ್ಯಾಸಕ್ಕೆ ಬಿಟ್ಟುಕೊಂಡರು; ಆಟದಲ್ಲಿ ಹುಳುಕು ಹುಡುಕಲಾಗಲಿಲ್ಲ. ಆದರೆ ಆಟವಾದ ಮೇಲೆ ಆಟಗಾರರ ಮೈಕೈ ತಿಕ್ಕಿ ನೋವು ತೆಗೆಯುವ ಆಳು ಇವನ ಕಪ್ಪು ಮೈಯನ್ನು ಮುಟ್ಟಲು ಒಪ್ಪಲಿಲ್ಲ. ಜೊತೆಯ ಆಟಗಾರರು ಇವನ ಮೈ ನಾರುತ್ತದೆಂದು ದೂರಿದರು. ಕ್ಲಬ್ಬು ಇವನನ್ನು ಕೈಬಿಟ್ಟಿತು. ಮುಟ್ಟಲಾರೆನೆಂಬ ಮಾತು ನಮಗೇನೂ ಹೊಸದಲ್ಲ. ನಮ್ಮ ಊರುಗಳ ಬಾವಿಕಟ್ಟೆಯಲ್ಲಿ, ದೇವಸ್ಥಾನದ ಮೆಟ್ಟಿಲ ಮೇಲೆ ನಾವೇ ಅದನ್ನು ಕೇಳಿದ್ದೇವೆ, ಆಡಿಯೂ ಇದ್ದೇವೆ. ಆದ್ದರಿಂದ ಕಾರ್ಲ್‌ಟನ್ನಿನವರನ್ನು ಬೈಯುವ ಅವಸರ ನಮಗೆ ಸಲ್ಲದು.

ನಿಕೋಲ್ಸನು ಊರಿಗೆ ಮರಳಿ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಹೋಗಲಿಲ್ಲ. ಅಸೋಸಿಯೇಷನ್ನಿಗೆ ಸೇರಿದ ನಾರ್ತ್‌ಕೋಟ್ ಕ್ಲಬ್ಬಿಗೆ ಹೋಗಿ ಕೇಳಿದ, ಅವರು ತೆಗೆದುಕೊಂಡರು. ೧೯೨೭ರಿಂದ ೧೯೩೧ರವರೆಗೆ ಆ ತಂಡದಲ್ಲಿ ಆಡಿದ. ಬಯಲಿನ ಅಂಚಿನಲ್ಲಿ ಮಿಂಚಿನಂತೆ ಓಡುವ ಸ್ಥಾನ ಅವನದು. ಅದಕ್ಕೆ ವಿಂಗ್ ಎನ್ನುತ್ತಾರೆ. ಕುಳ್ಳನಾದರೇನು! ಎತ್ತರದವರು ಚೆಂಡಿಗಾಗಿ ನೆಗೆದು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕೆಳಗೆ ಬೀಳುವಷ್ಟರಲ್ಲಿ ಚೆಂಡು ಇವನ ಕೈಯಲ್ಲಿ. ಅವರು ಎದ್ದು ನೋಡುವಷ್ಟರಲ್ಲಿ ಇವನು ಇಪ್ಪತ್ತು ಗಜ ಆಚೆ. ಅಗತ್ಯ ಬಿದ್ದಾಗ ನೆಗೆಯುವುದರಲ್ಲೂ ಕಡಿಮೆಯವನಲ್ಲ. ಮೊದಮೊದಲು ಪ್ರೇಕ್ಷಕರು ಬಣ್ಣ ಹಿಡಿದು ಹೀಯಾಳಿಸುತ್ತಿದ್ದರು. ಆಮೇಲೆ ಆ ಪ್ರೇಕ್ಷಕರೇ ಇವನನ್ನು ನೋಡಲು ಹಣ ಕೊಟ್ಟು ಬಂದರು. ೧೯೨೯ರಲ್ಲಿ ನಾರ್ತ್‌ಕೋಟ್ ಅಸೋಸಿಯೇಷನ್ನಿನ ಪಾರಿತೋಷಕವನ್ನು ಗೆದ್ದಿತು. ಅದೇ ವರ್ಷ ನಿಕೋಲ್ಸನು ನಯಾ ಮತ್ತು ವಾರಕ್‌ನಬೀಲ್ ಎಂಬ ಊರುಗಳಲ್ಲಿ ನಡೆಯುವ ಹೆಸರಾಂತ ಓಟದ ಪಂದ್ಯಗಳೆರಡನ್ನೂ ಗೆದ್ದ. ಗೆದ್ದವನಿಗೆ ರೊಕ್ಕ ಸಿಗುವ ಪಂದ್ಯಗಳವು.

ರೊಕ್ಕದ ಮಾತು ಬಂದದ್ದರಿಂದ ಒಂದು ವಿಷಯ. ಫುಟ್‌ಬಾಲ್ ಆಡಿ ಸಿರಿವಂತರಾಗುವ ಕಾಲ ಅದಾಗಿರಲಿಲ್ಲ. ೧೯೩೦ರಲ್ಲಿ ಲೀಗಿನವರು ಒಂದು ಕಟ್ಟಳೆ ಮಾಡಿ, ಯಾವ ಆಟಗಾರನಿಗೂ ಒಂದು ಆಟಕ್ಕೆ ೩ ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ವಿಧಿಸಿದರು. ದೇಶದಲ್ಲೆಲ್ಲ ಆರ್ಥಿಕ ಮುಗ್ಗಟ್ಟು, ಕೆಲಸವಿಲ್ಲದವರು ಬೀದಿಬೀದಿಯಲ್ಲಿ. ಹೊಟ್ಟೆಪಾಡಿಗೆ ನಿಕೋಲ್ಸನು ೧೯೩೧ರಲ್ಲಿ ಜಿಮ್ಮಿ ಷಾರ್ಮನ್ ಎಂಬವನ ಮುಷ್ಟಿಯುದ್ಧದ ಮೇಳ ಸೇರಿದ. ನಮ್ಮ ಜಾತ್ರೆಗಳಿಗೆ ಸರ್ಕಸ್ಸಿನವರು ಬರುವ ಹಾಗೆ ಆ ಮೇಳ ಊರೂರಿನ ಸಂತೆ ಜಾತ್ರೆಗಳಲ್ಲಿ ಡೇರೆ ಹಾಕುತ್ತಿತ್ತು. ಡೇರೆಯ ಮುಂದೆ ಅಟ್ಟಣೆ. ಅಟ್ಟಣೆಯ ಮೇಲೆ ಡೋಲು ಬಡಿಯುತ್ತ ಮೇಳದ ಕಲಿಗಳನ್ನು ಸಾಲಾಗಿ ನಿಲ್ಲಿಸುವರು. ಊರಿನ ಗಟ್ಟಿಗರು ಮುಂದೆ ಬಂದು ಅವರ ಮೇಲೆ ಕೈಮಾಡಬಹುದು. ಆ ಕಲಿಗಳಲ್ಲಿ ಮೂಲನಿವಾಸಿ ತರುಣರು ಬಹುಮಂದಿ ಇರುತ್ತಿದ್ದರು. ಹೊರಗೆ ಹೋಟಲಿನಲ್ಲಿ ಪಕ್ಕ ಕೂತು ಊಟ ಮಾಡಲೊಲ್ಲದ ಬಿಳಿಯನು ಡೇರೆಯೊಳಗೆ ಅವರಿಂದ ಗುದ್ದು ತಿನ್ನಲು ಟಿಕೆಟ್ಟು ಕೊಳ್ಳುತ್ತಿದ್ದನು. ನಿಕೋಲ್ಸನು ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ. ೧೯೩೨ರಲ್ಲಿ ಲೀಗಿನ ಫಿಟ್ಸ್‌ರಾಯ್ ಕ್ಲಬ್ಬು ಅವನನ್ನು ಕರೆದುಕೊಂಡಿತು.

ಫಿಟ್ಸ್‌ರಾಯ್ ಆಗ ಮೆಲ್ಬೋರ್ನಿನ ಒಳಭಾಗದ ಬಡವರ ಬಡಾವಣೆಯಾಗಿತ್ತು. ಮೇಲಿನ ಲೀಗಿಗೆ ಈ ರೀತಿ ಬಂದುದೇನೋ ಸರಿ. ಕಾರ್ಲ್‌ಟನ್ನಿನ ಗಾಯ ಇನ್ನೂ ಮಾಗಿರಲಿಲ್ಲ. ಉಡುಪು ಬದಲಾಯಿಸುವ ಕೋಣೆಯಲ್ಲಿ ಅವನು ಒಂದು ಮೂಲೆಗೆ ಹೋಗಿ ಒಬ್ಬನೇ ಕುಳಿತನು. ಆಗ ನಡೆದ ಸಣ್ಣ ಘಟನೆಯೊಂದನ್ನು ಆ ದೇಶದಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. ಹೇಡನ್ ಬಂಟನ್ ಎಂಬವನು ಆ ತಂಡದ ತಾರೆ. ಲೀಗಿನ ಅತ್ಯುತ್ತಮ ಸಜ್ಜನ ಆಟಗಾರನಿಗೆ ಕೊಡುವ ಬ್ರೌನ್ಲೊ ಪದಕವನ್ನು ೧೯೩೧, ೧೯೩೨, ೧೯೩೫ ಹೀಗೆ ಮೂರು ಸಲ ಪಡೆದವನು. ಅವನೂ ಮರ್ರೆ ನದಿಯ ಸೀಮೆಯಿಂದ ಬಂದವನೇ. ಕ್ಲಬ್ಬು ಕಟ್ಟಳೆ ಮೀರಿ ಹಣ ಕೊಡಲು ಮುಂದಾದುದಕ್ಕಾಗಿ ೧೯೩೦ರಲ್ಲಿ ಆಟದಿಂದ ದೂರವಿರಬೇಕಾಗಿ ಬಂದು, ಹೊರಗೆ ನಿಂತು ನೋಡುವುದೆಂದರೇನೆಂದು ತಿಳಿದಿದ್ದವನು. ಬಂಟನ್ನನು ತನ್ನ ಸಾಮಾನು ಎತ್ತಿಕೊಂಡು ಮೂಲೆಗೆ ನಡೆದು ನಿಕೋಲ್ಸನ ಪಕ್ಕದಲ್ಲಿ ಕುಳಿತ; ಅಲ್ಲೇ ಉಡುಪು ಬದಲಾಯಿಸಿದ. ಭಾಷಣವಿಲ್ಲ, ಠರಾವಿಲ್ಲ. ತಂಡದ ರಾಜನೇ ಹೋಗಿ ಕುಳಿತ ಮೇಲೆ ಉಳಿದವರು ಮೂಗು ಮುರಿಯುವುದು ಹೇಗೆ? ಆ ಸ್ನೇಹ ಮುಂದೆಯೂ ಉಳಿಯಿತು. ದೊಡ್ಡ ಸುಧಾರಣೆಗಳ ಚರಿತ್ರೆಯಲ್ಲಿ ಇಂಥ ಸಣ್ಣ ನಡೆಗಳಿಗೆ ಜಾಗ ಸಿಗುವುದಿಲ್ಲ, ಸಿಗಬೇಕಾಗಿತ್ತು.

ಫಿಟ್ಸ್‌ರಾಯಿಗಾಗಿ ನಿಕೋಲ್ಸನು ೧೯೩೨ರಿಂದ ೧೯೩೭ರವರೆಗೆ ೫೪ ಆಟಗಳನ್ನಾಡಿದ. ೧೯೩೫ರಲ್ಲಿ ವಿಕ್ಟೋರಿಯ ಪ್ರಾಂತದ ತಂಡಕ್ಕೆ ಆಯ್ಕೆಯಾದ. ಆ ಗೌರವ ಪಡೆದ ಮೊದಲ ಮೂಲನಿವಾಸಿ ಅವನು. ಆದರೆ ವಿಂಗಿನಲ್ಲಿ ಓಡುವವನ ಆಸ್ತಿಯೆಲ್ಲ ಮೊಣಕಾಲು. ಮೊಣಕಾಲು ಕೈಕೊಟ್ಟಿತು. ಮತ್ತೆ ಹಳೆಯ ನಾರ್ತ್‌ಕೋಟಿಗೆ ಮರಳಿದ. ೧೯೩೯ರ ಹೊತ್ತಿಗೆ ಆಟ ನಿಲ್ಲಿಸಬೇಕಾಯಿತು. ೧೯೪೭ರಲ್ಲಿ ಒಂದು ವರ್ಷ ನಾರ್ತ್‌ಕೋಟಿಗೆ ತರಬೇತುಗಾರನಾಗಿದ್ದುದನ್ನು ಬಿಟ್ಟರೆ ಅವನ ಆಟದ ಅಧ್ಯಾಯ ಅಲ್ಲಿಗೆ ಮುಗಿಯಿತು. ಅಂಕಿಗಳನ್ನು ಮಾತ್ರ ನೋಡುವವರಿಗೆ ಇದು ದೊಡ್ಡ ಆಟಗಾರನ ದಾಖಲೆಯಲ್ಲ. ಲೀಗಿನಲ್ಲಿ ೨೦೦ ಆಟಗಳನ್ನಾಡಿದವರು ಎಷ್ಟೋ ಮಂದಿ ಇದ್ದಾರೆ. ಅವರು ತೆರೆದ ಬಾಗಿಲಿನಿಂದ ಒಳಗೆ ಹೋದವರು.

ಆಟದಲ್ಲಿದ್ದಾಗಲೇ ಎರಡು ಸಂಗತಿಗಳು ಅವನ ಬಾಳಿಗೆ ಬೇರೆ ದಾರಿ ತೋರಿಸಿದ್ದವು. ಒಂದು, ನಾರ್ತ್‌ಕೋಟಿನ ಇಗರ್ಜಿಯೊಂದಕ್ಕೆ ಹೋಗಲಾರಂಭಿಸಿ ಕ್ರೈಸ್ತಭಕ್ತಿಯಲ್ಲಿ ಮನಸ್ಸು ನಿಲ್ಲಿಸಿದ್ದು. ಇನ್ನೊಂದು, ವಿಲಿಯಂ ಕೂಪರನ ಸಹವಾಸ. ಕೂಪರನು ಕಮರಗುಂಜದ ಮುದುಕ, ಇವನ ಬಂಧುವರ್ಗದ ಹಿರಿಯ. ಮುಪ್ಪಿನಲ್ಲಿ ಮೆಲ್ಬೋರ್ನಿಗೆ ಬಂದು ಆಸ್ಟ್ರೇಲಿಯದ ಮೂಲನಿವಾಸಿಗಳ ಸಂಘವನ್ನು ಕಟ್ಟಿದವನು. ಪಾರ್ಲಿಮೆಂಟಿನಲ್ಲಿ ತಮ್ಮವನೊಬ್ಬನಿಗೆ ಜಾಗ ಬೇಕೆಂದು ಚಕ್ರವರ್ತಿಗೆ ಬರೆದ ಮನವಿಗೆ ೧,೮೧೪ ಜನರ ರುಜು ಹಾಕಿಸಿದ. ಮನವಿಯನ್ನು ಕಳಿಸಿಕೊಡಬೇಕಾಗಿದ್ದ ಸರ್ಕಾರ ಕಳಿಸಲೇ ಇಲ್ಲ. ೧೯೩೮ರ ಜನವರಿ ೨೬ರಂದು, ಬಿಳಿಯರು ಸಿಡ್ನಿಯಲ್ಲಿ ಕಾಲಿಟ್ಟು ೧೫೦ ವರ್ಷವಾಯಿತೆಂದು ದೇಶವೆಲ್ಲ ಹಬ್ಬ ಮಾಡುತ್ತಿದ್ದಾಗ, ಅದೇ ಸಿಡ್ನಿಯಲ್ಲಿ ಮೂಲನಿವಾಸಿಗಳು ಶೋಕದಿನವನ್ನು ಆಚರಿಸಿದರು. ಅದನ್ನು ನಡೆಸಿದವರಲ್ಲಿ ಕೂಪರನಿದ್ದ. ಫುಟ್‌ಬಾಲ್ ಆಟಗಾರ ನಿಕೋಲ್ಸನೂ ಅಲ್ಲಿ ನಿಂತು ಮಾತನಾಡಿದ. ಜನವರಿ ೨೬ ನಮಗೆ ಗಣರಾಜ್ಯದ ಸಂಭ್ರಮದ ದಿನ. ಅದೇ ದಿನ ಇನ್ನೊಂದು ನೆಲದಲ್ಲಿ ಹೀಗೂ ಉಂಟು.

ಮರುವರ್ಷ ಫೆಬ್ರವರಿಯಲ್ಲಿ ಕಮರಗುಂಜದ ಜನ ವ್ಯವಸ್ಥಾಪಕನ ಕಾಟವನ್ನೂ ಅರೆಹೊಟ್ಟೆಯ ಪಡಿಯನ್ನೂ ಸಹಿಸಲಾರದೆ ಸುಮಾರು ೨೦೦ ಮಂದಿ ಒಟ್ಟಾಗಿ ನೆಲೆಯನ್ನು ತೊರೆದು, ಮರ್ರೆ ನದಿ ದಾಟಿ, ವಿಕ್ಟೋರಿಯದ ದಡದಲ್ಲಿ ಗುಡಿಸಲು ಹಾಕಿದರು. ಬಿಟ್ಟು ಹೋದವರಲ್ಲಿ ಹಲವರು ಮತ್ತೆ ಮರಳಲಿಲ್ಲ. ಕೆಲವರು ಮೆಲ್ಬೋರ್ನಿನ ಫಿಟ್ಸ್‌ರಾಯ್ ಸೇರಿದರು. ಕೆಲಸವಿಲ್ಲ, ಬಾಡಿಗೆಗೆ ಮನೆ ಕೊಡುವವರಿಲ್ಲ, ಕುಡಿತದ ಹಾವಳಿ ಬೇರೆ. ಕೂಪರನು ೧೯೪೧ರಲ್ಲಿ ತೀರಿಕೊಂಡ. ಯುದ್ಧ ಬಂದಾಗ ನಿಕೋಲ್ಸನು ಸೈನ್ಯಕ್ಕೆ ಸೇರಿದನು. ಅಲ್ಲಿಂದ ಅವನನ್ನು ಬಿಡಿಸಿಕೊಂಡು ಬಂದವರು ಯಾರೆಂದರೆ ಫಿಟ್ಸ್‌ರಾಯಿನ ಪೊಲೀಸರು! ಆ ಬಡಾವಣೆಯ ಮೂಲನಿವಾಸಿಗಳು ಇವನ ಮಾತನ್ನು ಕೇಳುವರು, ನಮ್ಮದನ್ನು ಕೇಳರು, ಇವನನ್ನು ಬಿಟ್ಟುಕೊಡಿ ಎಂದು ಅವರು ಕೋರಿಕೊಂಡರಂತೆ. ಅಕ್ಕನನ್ನು ಕೊಂಡೊಯ್ದ ಪೊಲೀಸರಿಗೂ ತಮ್ಮನನ್ನು ಬೇಡಿಕೊಂಡ ಪೊಲೀಸರಿಗೂ ನಡುವೆ ಮೂವತ್ತು ವರ್ಷಗಳೂ ಕಳೆದಿರಲಿಲ್ಲ.

೧೯೪೨ರಲ್ಲಿ ಅವನ ಅಣ್ಣ ಹೊವರ್ಡ್ ಕಾರಿನ ಅಪಘಾತದಲ್ಲಿ ಸತ್ತ. ಅದೇ ವರ್ಷದ ಕೊನೆಗೆ ಡಗ್ಲಸನು ಅಣ್ಣನ ವಿಧವೆ ಗ್ಲಾಡಿಸಳನ್ನು ಮದುವೆಯಾಗಿ ಅವಳ ಮಕ್ಕಳಿಗೆ ತಂದೆಯಾದ. ಮುಂದೆ ಅವರಿಗೆ ಬೇರೆ ಮಕ್ಕಳೂ ಆದರು. ಫಿಟ್ಸ್‌ರಾಯಿನ ಗೋರ್ ಬೀದಿಯಲ್ಲಿ ಮೂಲನಿವಾಸಿಗಳಿಗಾಗಿಯೇ ಒಂದು ಇಗರ್ಜಿ ಆಯಿತು. ಅವನು ಅಲ್ಲಿಯ ಪಾದ್ರಿ. ಅಂದಿನಿಂದ ಜನ ಅವನನ್ನು ಪಾಸ್ಟರ್ ಡಗ್ ಎಂದೇ ಕರೆದರು. ವಾರದ ಪ್ರಾರ್ಥನೆಯೊಂದೇ ಅವನ ಕೆಲಸವಲ್ಲ. ಪೊಲೀಸ್ ಠಾಣೆಯಿಂದ ಜಾಮೀನು ಕೊಟ್ಟು ಬಿಡಿಸುವುದು, ಹಳ್ಳಿಯಿಂದ ಬಂದ ಹುಡುಗಿಗೆ ಕೆಲಸ ಹುಡುಕುವುದು, ಬಾಡಿಗೆಯ ಮನೆಗಾಗಿ ಮನೆಯೊಡೆಯನ ಮುಂದೆ ನಿಲ್ಲುವುದು, ಎಲ್ಲವೂ ಅವನದೇ. ಮನೆಯೊಡೆಯನು ಹಳೆಯ ಫುಟ್‌ಬಾಲ್ ಪ್ರೇಮಿಯಾಗಿದ್ದರೆ ಅರ್ಧ ಕೆಲಸ ಆದ ಹಾಗೆಯೇ. ನಾರ್ತ್‌ಕೋಟಿನಲ್ಲಿ ಹುಡುಗಿಯರಿಗಾಗಿ ಒಂದು ವಸತಿಗೃಹ ಆಯಿತು. ಅದರ ಒಳಗಿನ ಹೊರೆಯನ್ನು ಹೊತ್ತವಳು ಗ್ಲಾಡಿಸ್. ಪತಿಗೆ ಬಂದ ಕೀರ್ತಿಯಲ್ಲಿ ಅವಳ ಪಾಲು ಎಷ್ಟೆಂದು ಅಳೆಯುವುದು ಕಷ್ಟ, ಅರ್ಧವೆಂದರೆ ಕಡಿಮೆಯಾದೀತು.

೧೯೫೭ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ವಾರ್ಬರ್ಟನ್ ಬೆಟ್ಟಸಾಲಿನ ಮರುಭೂಮಿಗೆ ಅವನು ಹೋಗಿ ಬಂದ. ಅಲ್ಲಿಯ ಮೂಲನಿವಾಸಿಗಳ ಹಸಿವು, ರೋಗಗಳನ್ನು ಆ ಪ್ರವಾಸದಲ್ಲಿ ಚಲನಚಿತ್ರವಾಗಿ ಹಿಡಿದು ತಂದು ನಗರಗಳ ಸಭೆಗಳಲ್ಲಿ ತೋರಿಸಲಾಯಿತು. ಮೂಳೆ ಚಕ್ಕಳವಾದ ಮಕ್ಕಳನ್ನು ಪರದೆಯ ಮೇಲೆ ಕಂಡು ಜನ ಬೆಚ್ಚಿದರು. ಮೆಲ್ಬೋರ್ನಿನಲ್ಲಿ ಅದೇ ವರ್ಷ ಮೂಲನಿವಾಸಿಗಳ ಅಭಿವೃದ್ಧಿ ಸಂಘ ಹುಟ್ಟಿತು. ನಿಕೋಲ್ಸನು ಅದರ ಊರೂರು ತಿರುಗುವ ಕಾರ್ಯಕರ್ತನಾದ. ಸರ್ಕಾರವು ಕಲ್ಯಾಣ ಮಂಡಲಿಗೆ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಸರ್ಕಾರದ ಮಂಡಲಿಯಲ್ಲಿ ಕುರ್ಚಿ ಸಿಕ್ಕಿದ ಮೇಲೆ ಬಾಯಿ ಮುಚ್ಚಿಕೊಳ್ಳುವುದು ಲೋಕದ ರೂಢಿ. ಆದರೆ ವಿಕ್ಟೋರಿಯದಲ್ಲಿ ಉಳಿದಿದ್ದ ಲೇಕ್ ಟೈಯರ್ಸ್ ಎಂಬ ನೆಲೆಯನ್ನು ಮುಚ್ಚಿ ಅಲ್ಲಿಯವರನ್ನು ಚದುರಿಸಬೇಕೆಂದು ಮಂಡಲಿ ಹೊರಟಾಗ ಅವನು ೧೯೬೩ರಲ್ಲಿ ರಾಜೀನಾಮೆ ಬಿಸಾಡಿ ಬೀದಿಗಿಳಿದ. ಹುಟ್ಟಿದೂರಿನ ಹೊಲಗಳನ್ನು ಕಿತ್ತುಕೊಂಡದ್ದನ್ನು ಬಲ್ಲವನು ಇನ್ನೊಂದು ಊರು ಹೋಗುವುದನ್ನು ಸುಮ್ಮನೆ ನೋಡುವುದುಂಟೆ? ೧೯೬೫ರಲ್ಲಿ ಲೇಕ್ ಟೈಯರ್ಸ್ ಶಾಶ್ವತ ನೆಲೆಯೆಂದು ಘೋಷಿತವಾಯಿತು. ೧೯೭೦ರ ಕಾನೂನಿನಿಂದ ಆ ನೆಲ ಅಲ್ಲಿಯ ನಿವಾಸಿಗಳ ಸ್ವಂತವೇ ಆಯಿತು. ನಿಕೋಲ್ಸನ ಬಾಳಿನಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವ ಗೆಲುವು ಇದು. ೧೯೨೯ರ ಪಾರಿತೋಷಕ ಆಮೇಲೆ.

ಆಸ್ಟ್ರೇಲಿಯದ ಸಂವಿಧಾನದಲ್ಲಿ ಒಂದು ವಿಚಿತ್ರ ವಿಧಿಯಿತ್ತು. ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಎಣಿಸತಕ್ಕದ್ದಲ್ಲ ಎಂಬುದೇ ಅದು. ಅದನ್ನು ತೆಗೆದುಹಾಕುವುದಕ್ಕೂ, ಕೇಂದ್ರ ಸರ್ಕಾರ ಅವರಿಗಾಗಿ ಕಾನೂನು ಮಾಡುವ ಅಧಿಕಾರ ಪಡೆಯುವುದಕ್ಕೂ ೧೯೬೭ರ ಮೇ ೨೭ರಂದು ಜನಮತ ಕೇಳಲಾಯಿತು. ಅದಕ್ಕಾಗಿ ವರ್ಷಗಟ್ಟಲೆ ತಿರುಗಿದವರಲ್ಲಿ ನಿಕೋಲ್ಸನೂ ಒಬ್ಬ. ನೂರಕ್ಕೆ ೯೦ಕ್ಕಿಂತ ಹೆಚ್ಚು ಮತಗಳು ಒಪ್ಪಿಗೆಯ ಕಡೆಗೆ ಬಿದ್ದವು.

ಆದರೂ ತನ್ನವರೆಲ್ಲರೂ ಅವನನ್ನು ಹೊಗಳಿದರೆಂದು ತಿಳಿಯಬೇಡಿ. ೧೯೬೯ರ ಹೊತ್ತಿಗೆ ಬಿಸಿರಕ್ತದ ತರುಣರು ಬಂದಿದ್ದರು. ಸಂಘದಲ್ಲಿ ಬಿಳಿಯರಿಗೆ ಅಧಿಕಾರವೇಕೆ ಎಂದು ಅವರು ಕೇಳಿದರು. ಅಮೆರಿಕದ ಕರಿಯರ ಹೊಸ ಘೋಷಣೆಗಳು ಅವರ ಬಾಯಲ್ಲಿದ್ದವು. ಬಿಳಿಯರೊಡನೆ ಕೈಹಿಡಿದು ನಡೆಯಬೇಕೆಂಬ ಪಾಸ್ಟರನ ಮಾತು ಅವರಿಗೆ ಸಪ್ಪೆ. ಅವರ ಘೋಷಣೆ ಅವನಿಗೆ ಒಗ್ಗಲಿಲ್ಲ. ಇಲ್ಲಿ ಯಾರು ಸರಿ? ಅವರ ಪ್ರಶ್ನೆಯಲ್ಲಿ ಹುರುಳಿತ್ತು. ತಮ್ಮ ಸಂಘವನ್ನು ತಾವೇ ನಡೆಸಬೇಕೆನ್ನುವುದರಲ್ಲಿ ತಪ್ಪೇನು? ಆದರೆ ಮುದುಕನನ್ನು ಬಿಳಿಯರ ಬಾಲಬಡುಕನೆಂದು ತಿಳಿದವರು ಲೇಕ್ ಟೈಯರ್ಸಿನ ರಾಜೀನಾಮೆಯನ್ನು ಮರೆತಿದ್ದರು. ಬಂಟನ್ನನು ಪಕ್ಕದಲ್ಲಿ ಬಂದು ಕುಳಿತುದನ್ನು ಕಂಡವನಿಗೆ ಬಿಳಿಯರೆಲ್ಲರೂ ಒಂದೇ ಎನ್ನುವುದು ಸಾಧ್ಯವಿರಲಿಲ್ಲ, ಅಷ್ಟೆ.

ಬಿರುದುಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ೧೯೫೭ರಲ್ಲಿ ಒಂದು, ೧೯೬೮ರಲ್ಲಿ ಇನ್ನೊಂದು. ೧೯೭೨ರಲ್ಲಿ ರಾಣಿ ಎಲಿಜಬೆತ್ತಳು ಅವನಿಗೆ ನೈಟ್ ಪದವಿ ಕೊಟ್ಟಳು. ಮೂಲನಿವಾಸಿಗಳಲ್ಲಿ ಸರ್ ಎನಿಸಿಕೊಂಡ ಮೊದಲಿಗ ಅವನೇ.

ಆಮೇಲೆ ದಕ್ಷಿಣ ಆಸ್ಟ್ರೇಲಿಯದ ಮುಖ್ಯಮಂತ್ರಿ ಡಾನ್ ಡನ್‌ಸ್ಟನ್ನನು ಯಾರೂ ನಿರೀಕ್ಷಿಸದಿದ್ದ ಒಂದು ಕೆಲಸ ಮಾಡಿದ. ಸರ್ ಡಗ್ಲಸ್ ನಿಕೋಲ್ಸನನ್ನು ತನ್ನ ಪ್ರಾಂತದ ಗವರ್ನರನನ್ನಾಗಿ ಸೂಚಿಸಿದ. ೧೯೭೬ರ ಡಿಸೆಂಬರ್ ೧ರಂದು ಅವನು ಅಡಿಲೇಡಿನಲ್ಲಿ ಪ್ರಮಾಣವಚನ ಸ್ವೀಕರಿಸಿದ. ಆ ಕಟ್ಟಡದಲ್ಲಿ ಹಿಂದೆ ಕುಳಿತವರು ಯಾರು? ಬ್ರಿಟಿಷ್ ಸೇನಾಧಿಪತಿಗಳು, ಪ್ರಭುಗಳ ಮಕ್ಕಳು. ಈಗ ಕುಳಿತವನು ಕುರಿಗಳ ಗಾಯಕ್ಕೆ ಡಾಂಬರು ಬಳಿಯುತ್ತಿದ್ದ ಹುಡುಗ. ಯಾವ ಕಿರೀಟದ ಹೆಸರಿನಲ್ಲಿ ಕಮರಗುಂಜದ ಹೊಲಗಳು ಹೋದವೋ, ಯಾವ ಕಿರೀಟದವರೆಗೆ ಕೂಪರನ ಮನವಿ ಮುಟ್ಟಲಿಲ್ಲವೋ, ಆ ಕಿರೀಟಕ್ಕೆ ಇವನೇ ಪ್ರತಿನಿಧಿ. ಇದನ್ನು ಗೆಲುವೆನ್ನಬೇಕೋ ವಿಧಿಯ ನಗೆಯೆನ್ನಬೇಕೋ ಓದುಗರೇ ನಿರ್ಧರಿಸಲಿ. ದುರ್ದೈವದಿಂದ ಪದವಿಗೆ ಬಂದ ಕೆಲವೇ ವಾರಗಳಲ್ಲಿ ಅವನಿಗೆ ಪಾರ್ಶ್ವವಾಯು ಬಡಿಯಿತು. ಮಾರ್ಚಿಯಲ್ಲಿ ರಾಣಿ ಬಂದಾಗ ಅವಳನ್ನು ಬರಮಾಡಿಕೊಂಡನು. ೧೯೭೭ರ ಏಪ್ರಿಲ್ ೩೦ರಂದು ಪದವಿಯನ್ನು ಬಿಟ್ಟುಕೊಟ್ಟನು. ಕೇವಲ ಐದು ತಿಂಗಳು.

ಗ್ಲಾಡಿಸಳು ೧೯೮೧ರಲ್ಲಿ ತೀರಿಕೊಂಡಳು. ಅವನು ಇನ್ನೂ ಏಳು ವರ್ಷ ಬದುಕಿದ. ಮೆಲ್ಬೋರ್ನಿನ ಪಾರ್ಲಿಮೆಂಟ್ ಉದ್ಯಾನದಲ್ಲಿ ೨೦೦೭ರಲ್ಲಿ ಗಂಡಹೆಂಡಿರಿಬ್ಬರ ಪ್ರತಿಮೆಗಳನ್ನು ಜೊತೆಯಾಗಿ ನಿಲ್ಲಿಸಿದರು. ಫಿಟ್ಸ್‌ರಾಯ್ ಕ್ಲಬ್ಬು ಹಣದ ಮುಗ್ಗಟ್ಟಿನಿಂದ ೧೯೯೬ರ ಕೊನೆಗೆ ಬ್ರಿಸ್ಬೇನ್ ತಂಡದೊಡನೆ ಸೇರಿಹೋಯಿತು. ೨೦೧೬ರಿಂದ, ಪ್ರತಿವರ್ಷ ಮೂಲನಿವಾಸಿ ಆಟಗಾರರ ಗೌರವಕ್ಕಾಗಿ ನಡೆಯುವ ಆಟಗಳ ಸುತ್ತಿಗೆ ನಿಕೋಲ್ಸನ ಹೆಸರನ್ನಿಟ್ಟಿದ್ದಾರೆ. ಆ ಸುತ್ತಿನಲ್ಲಿ ಎಲ್ಲ ತಂಡಗಳೂ ಮೂಲನಿವಾಸಿಗಳ ಚಿತ್ರಕಲೆಯುಳ್ಳ ಅಂಗಿಗಳನ್ನು ತೊಟ್ಟು ಬಯಲಿಗಿಳಿಯುತ್ತವೆ. ಕಾರ್ಲ್‌ಟನ್ ತಂಡವೂ ಇಳಿಯುತ್ತದೆ.

ಅವನು ಸತ್ತದ್ದು ೧೯೮೮ರ ಜೂನ್ ೪ರಂದು. ಬಿಳಿಯರು ಬಂದು ೨೦೦ ವರ್ಷವಾಯಿತೆಂದು ದೇಶ ಮತ್ತೊಮ್ಮೆ ಹಬ್ಬ ಮಾಡುತ್ತಿದ್ದ ವರ್ಷ. ಸರ್ಕಾರದ ಮರ್ಯಾದೆಗಳೊಡನೆ ಅಂತ್ಯಕ್ರಿಯೆ ನಡೆಯಿತು. ಮಣ್ಣು ಮಾಡಿದ್ದು ಮಾತ್ರ ಮೆಲ್ಬೋರ್ನಿನಲ್ಲೂ ಅಲ್ಲ, ಅಡಿಲೇಡಿನಲ್ಲೂ ಅಲ್ಲ. ಮರ್ರೆ ನದಿಯ ದಡಕ್ಕೆ ಕೊಂಡೊಯ್ದು, ಕಮರಗುಂಜದ ಸ್ಮಶಾನದಲ್ಲಿ, ಅವನ ಹಿರಿಯರ ನಡುವೆ ಮಲಗಿಸಿದರು. ಅದಕ್ಕೆ ನಾಲ್ಕು ವರ್ಷ ಮೊದಲು, ೧೯೮೪ರಲ್ಲಿ, ಆ ನೆಲವನ್ನು ಯೋರ್ಟಾ ಯೋರ್ಟಾ ಜನರಿಗೆ ಹಿಂದಕ್ಕೆ ಕೊಡಲಾಗಿತ್ತು.